ಕಾದ ಕೋಣೆಯಲ್ಲಿ ಕುಂಭಕ

ನಮ್ಮ ಮನೆಯ ಹತ್ತಿರದ ಜಿಮ್ಮೊಂದರಲ್ಲಿ ಸೌನಾ ಕೋಣೆಯಿದೆ. ಆರು ಜನ ಕೂರುವಷ್ಟು ಜಾಗ, ಮೆಟ್ಟಿಲಿನಂತೆ ಎರಡು ಸಾಲು ಮರದ ಹಲಗೆ, ಮೂಲೆಯಲ್ಲಿ ಕಲ್ಲು ಹೇರಿದ ಕರೆಂಟ್ ಒಲೆ, ಗೋಡೆಗೆ ಒಂದು ಮರಳು ಗಡಿಯಾರ. ಹೋದ ಚಳಿಗಾಲದ ಒಂದು ಬೆಳಿಗ್ಗೆ ನಾವು ನಾಲ್ವರು ಒಳಗೆ ಕೂತಿದ್ದಾಗ ಇಪ್ಪತ್ತೈದರ ಆಸುಪಾಸಿನ ಟ್ರೈನರ್ ಹುಡುಗ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಎಲ್ಲರೂ ಬೆನ್ನು ನೆಟ್ಟಗೆ ಮಾಡ್ಕೊಳ್ಳಿ ಸಾರ್. ಮೂವತ್ತು ಸಲ ಜೋರಾಗಿ ಉಸಿರು ತಗೊಂಡು ಬಿಡಿ. ಆಮೇಲೆ ಪೂರ್ತಿ ಖಾಲಿ ಮಾಡಿ ಹಿಡೀರಿ. ನಾನು ಎಣಿಸ್ತೀನಿ."

ನನ್ನ ಪಕ್ಕದಲ್ಲಿ ಐವತ್ತು ದಾಟಿದ ಬ್ಯಾಂಕ್ ನೌಕರರೊಬ್ಬರು ಇದ್ದರು. ಎರಡನೆಯ ಸುತ್ತಿಗೆ ಅವರ ಬಲಗೈಯ ಐದೂ ಬೆರಳು ತಾವಾಗಿ ಕೂಡಿಕೊಂಡು ತಾವರೆ ಮೊಗ್ಗಿನಂತೆ ಮುಚ್ಚಿಕೊಂಡವು. "ಕೈಯೆಲ್ಲ ಜುಂ ಅಂತಿದೆಯಲ್ಲಪ್ಪಾ" ಅಂದರು. "ಅದೇ ಸಾರ್, ಎನರ್ಜಿ ಓಡ್ತಾ ಇದೆ. ಬಿಡಬೇಡಿ, ಇನ್ನೊಂದು ಹತ್ತು ಸೆಕೆಂಡ್" ಅಂದ ಹುಡುಗ. ಅವರು ಬಿಡಲಿಲ್ಲ. ಮುಗಿಸಿ ಎದ್ದು ನಿಂತವರು ನಿಂತ ಹಾಗೆಯೇ ಕುಸಿದರು. ಒಲೆಯ ಸುತ್ತ ಮರದ ಕಟಕಟೆ ಇತ್ತು, ಭುಜ ಅದಕ್ಕೆ ಬಡಿಯಿತು. ಕಟಕಟೆ ಇಲ್ಲದಿದ್ದರೆ ಬಡಿಯುತ್ತಿದ್ದದ್ದು ಕಾದ ಕಲ್ಲಿಗೆ. ಹೊರಗೆಳೆದು ಮಲಗಿಸಿ ಕಾಲು ಎತ್ತಿ ಹಿಡಿದೆವು. ನಿಮಿಷದಲ್ಲಿ ಕಣ್ಣು ಬಿಟ್ಟರು. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ ಬಂದಿದ್ದರಂತೆ. ಅದನ್ನು ಯಾರೂ ಕೇಳಿರಲಿಲ್ಲ.

ಮುಂದಿನ ವಾರ ಆ ಬಾಗಿಲಿಗೆ ಹೊಸ ಬೋರ್ಡು ಬಿತ್ತು. ಎಚ್ಚರಿಕೆಯ ಬೋರ್ಡು ಅಂದುಕೊಂಡಿರಾ? ‘ಸೌನಾ ಪ್ರಾಣಾಯಾಮ: ಪ್ರತಿ ಶನಿವಾರ’ ಎಂದಿತ್ತು.

ಇದು ಒಂದು ಜಿಮ್ಮಿನ ಕಥೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಸೌನಾದಲ್ಲಿ, ಹಬೆಕೋಣೆಯಲ್ಲಿ ಉಸಿರನ್ನು ಎಣಿಸಬೇಕು, ಜಗ್ಗಬೇಕು, ಹಿಡಿಯಬೇಕು, ಆಗ ಲಾಭ ಇಮ್ಮಡಿ ಎಂಬುದು ಈಗ ಯಾರೂ ಪ್ರಶ್ನಿಸದ ಮಾತಾಗಿದೆ. ‘ಬ್ರೆತ್‌ವರ್ಕ್’ ಎಂಬ ಹೆಸರಿನಲ್ಲಿ ಅದಕ್ಕೆ ಬೇರೆ ದರ, ಬೇರೆ ಪ್ಯಾಕೇಜು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ನನ್ನ ಮಾತು ಇಷ್ಟೇ: ಕಾದ ಕೋಣೆಯಲ್ಲಿ ಉಸಿರು ದೇಹದ ಕಾವಲುಗಾರ. ಅದನ್ನು ಎಣಿಕೆಗೆ ಕಟ್ಟಿಹಾಕುವುದು ಮೂರ್ಖತನ. ದುಡ್ಡು ಪಡೆದು ಇನ್ನೊಬ್ಬರಿಂದ ಮಾಡಿಸುವುದು ಅಪರಾಧಕ್ಕೆ ಬಹಳ ಹತ್ತಿರದ್ದು.

ಮೊದಲು ಆಮ್ಲಜನಕದ ಸುಳ್ಳು. ಜೋರಾಗಿ ಉಸಿರೆಳೆದರೆ ಮೈತುಂಬ ಆಮ್ಲಜನಕ ಸೇರುತ್ತದೆ ಎಂದು ಈ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಆರೋಗ್ಯವಂತರ ರಕ್ತ ಸುಮ್ಮನೆ ಕೂತಿರುವಾಗಲೇ ತನ್ನ ಸಾಮರ್ಥ್ಯದ ಶೇ. 95ಕ್ಕಿಂತ ಹೆಚ್ಚು ಆಮ್ಲಜನಕ ಹೊತ್ತಿರುತ್ತದೆ. ಕೊರೋನಾ ಕಾಲದಲ್ಲಿ ಬೆರಳಿಗೆ ಕ್ಲಿಪ್ ಹಾಕಿಕೊಂಡು 97, 98 ಎಂದು ಓದಿದ್ದು ಇಷ್ಟು ಬೇಗ ಮರೆತುಹೋಯಿತೇ? ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿಯುತ್ತೀರಿ? ಜೋರುಸಿರಿನಿಂದ ನಿಜವಾಗಿ ಬದಲಾಗುವುದು ಇಂಗಾಲದ ಡೈಆಕ್ಸೈಡು. ಅದು ತೊಳೆದುಹೋಗುತ್ತದೆ. ‘ಕೆಟ್ಟ ಗಾಳಿ’ ಹೊರಗೆ ಹೋಗಲಿ ಬಿಡಿ ಅನ್ನುತ್ತೀರಾ? ಆ ಕೆಟ್ಟ ಗಾಳಿಯೇ ಮೆದುಳಿನ ರಕ್ತನಾಳಗಳನ್ನು ಅಗಲವಾಗಿ ಇಟ್ಟಿರುವುದು. ಧಮನಿಯ ರಕ್ತದಲ್ಲಿ ಅದರ ಒತ್ತಡ ಪಾದರಸದ 35ರಿಂದ 45 ಮಿಲಿಮೀಟರಿನ ನಡುವೆ ಇರಬೇಕು. ಒಂದೊಂದು ಮಿಲಿಮೀಟರು ಇಳಿದ ಹಾಗೆಲ್ಲ ಮೆದುಳಿಗೆ ಹರಿಯುವ ರಕ್ತ ಸರಿಸುಮಾರು ಶೇ. 2ರಿಂದ 4ರಷ್ಟು ಕಡಿಮೆಯಾಗುತ್ತದೆ. ಸಾಲದ್ದಕ್ಕೆ, ರಕ್ತದಲ್ಲಿರುವ ಆಮ್ಲಜನಕವನ್ನು ಹಿಮೋಗ್ಲೋಬಿನ್ ಬಿಟ್ಟುಕೊಡಲು ಜಿಪುಣತನ ತೋರಿಸುತ್ತದೆ. ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್, ಭೌತವಿಜ್ಞಾನಿ ನೀಲ್ಸ್ ಬೋರ್‌ರ ತಂದೆ, ಇದನ್ನು ತೋರಿಸಿಕೊಟ್ಟದ್ದು 1904ರಲ್ಲಿ. ನೂರಿಪ್ಪತ್ತು ವರ್ಷದ ಹಿಂದಿನ ಪಾಠ ಇನ್ನೂ ನಮ್ಮ ಜಿಮ್ಮುಗಳಿಗೆ ತಲುಪಿಲ್ಲ. ಮೆದುಳಿಗೆ ಆಮ್ಲಜನಕ ಕಡಿಮೆ ಮಾಡುವ ಕ್ರಿಯೆಗೆ ಆಮ್ಲಜನಕ ಹೆಚ್ಚಿಸುವ ಕ್ರಿಯೆ ಎಂಬ ಹೆಸರಿಟ್ಟು ಮಾರುತ್ತಿದ್ದಾರೆ.

ಎರಡನೆಯದು ಆ ‘ಎನರ್ಜಿ’. ಬೆರಳು ಮೊಗ್ಗಾಗುವುದು, ತುಟಿ ಮರಗಟ್ಟುವುದು, ಮೈ ಜುಮ್ಮೆನ್ನುವುದು ವೈದ್ಯರಿಗೆ ತೀರಾ ಪರಿಚಿತ ಲಕ್ಷಣಗಳು. ಗಾಬರಿಯಲ್ಲಿ ಏದುಸಿರು ಬಿಡುತ್ತಾ ಆಸ್ಪತ್ರೆಯ ಎಮರ್ಜೆನ್ಸಿಗೆ ಬರುವವರಲ್ಲಿ ಅವರು ದಿನಾ ಇದನ್ನೇ ನೋಡುತ್ತಾರೆ. ಇಂಗಾಲದ ಡೈಆಕ್ಸೈಡು ಕಡಿಮೆಯಾಗಿ ರಕ್ತ ಕ್ಷಾರದ ಕಡೆಗೆ ವಾಲಿದಾಗ ನರ, ಸ್ನಾಯುಗಳಿಗೆ ಸಿಗಬೇಕಾದ ಕ್ಯಾಲ್ಸಿಯಂ ಸರಿಯಾಗಿ ಸಿಗುವುದಿಲ್ಲ, ಸ್ನಾಯು ಸೆಟೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಅದು ರೋಗಲಕ್ಷಣ, ಸೌನಾದಲ್ಲಿ ಕುಂಡಲಿನಿ. ಅಲ್ಲಿ ನರ್ಸು "ನಿಧಾನ, ನಿಧಾನವಾಗಿ ಉಸಿರಾಡಿ" ಎಂದು ಬೆನ್ನು ಸವರುತ್ತಾರೆ. ಇಲ್ಲಿ "ಇನ್ನೂ ಜೋರಾಗಿ" ಎಂದು ಹುರಿದುಂಬಿಸುತ್ತಾರೆ. ಒಂದೇ ಮೈ, ಒಂದೇ ಲಕ್ಷಣ. ಬಿಲ್ಲು ಮಾತ್ರ ಬೇರೆ.

ಬಿಸಿಯಿಲ್ಲದ ಕಡೆ ಮಾಡಿದರೂ ಇದೇ ಆಗುತ್ತದಲ್ಲ, ಸೌನಾವನ್ನೇಕೆ ದೂರುತ್ತೀರಿ ಎಂದು ಕೇಳಬಹುದು. ನನ್ನ ಮೂರನೆಯ ಆರೋಪ ಅದೇ. ಸೌನಾದ ಗಾಳಿ 80ರಿಂದ 100 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಮೈ ತಣಿಸಲು ದೇಹ ಹೆಚ್ಚು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಅಟ್ಟುತ್ತದೆ. ನಾಡಿ ನಿಮಿಷಕ್ಕೆ ನೂರು ದಾಟುತ್ತದೆ, ಕೆಲವರಿಗೆ 150ರವರೆಗೂ ಏರುತ್ತದೆ. ಬೆವರಾಗಿ ಅರ್ಧ ಲೀಟರಿನಷ್ಟು ನೀರು ಸೋರಿಹೋಗುತ್ತದೆ. ಒಳಗಿನ ತಾಪ ಏರಿದರೆ ಉಸಿರಾಟ ತಾನಾಗಿಯೇ ಜೋರಾಗುತ್ತದೆ. ಅಂದರೆ ಯಾವ ತಂತ್ರವೂ ಇಲ್ಲದೆ, ಸುಮ್ಮನೆ ಕೂತಿದ್ದರೂ ದೇಹ ಆ ಅಂಚಿನ ಕಡೆಗೆ ನಡೆಯುತ್ತಿರುತ್ತದೆ. ಅಂಚಿನಲ್ಲಿರುವವನ ಬೆನ್ನಿಗೆ ಕೈಯಿಟ್ಟು ನೂಕುವುದಕ್ಕೆ ನಾವು ಟ್ರೈನಿಂಗ್ ಎನ್ನುತ್ತೇವೆ. ಚರ್ಮಕ್ಕೆ ಹರಿದ ರಕ್ತ ಅಲ್ಲೇ ಇದೆ, ಮೆದುಳಿನ ನಾಳಗಳು ಕಿರಿದಾಗಿವೆ, ಬಿಪಿ ಮಾತ್ರೆ ಒತ್ತಡವನ್ನು ಇಳಿಸಿಟ್ಟಿದೆ. ಇಂಥ ಹೊತ್ತಿನಲ್ಲಿ ತಟ್ಟನೆ ಎದ್ದು ನಿಂತರೆ ಮನುಷ್ಯ ಬೀಳದೆ ಇನ್ನೇನಾಗುತ್ತಾನೆ? ನಮ್ಮ ಬ್ಯಾಂಕಿನವರಿಗೆ ಆದದ್ದು ಅಪಘಾತವಲ್ಲ, ಲೆಕ್ಕ.

ನಾಲ್ಕನೆಯದು ಕುಂಭಕದ, ಅಂದರೆ ಉಸಿರು ಹಿಡಿಯುವ ಶೌರ್ಯ. ಉಸಿರು ಕಟ್ಟಿದಾಗ ‘ಇನ್ನಾಗದು, ಎಳೆದುಕೋ’ ಎಂದು ಒಳಗಿನಿಂದ ಕೂಗು ಬರುತ್ತದಲ್ಲ, ಅದು ಮುಖ್ಯವಾಗಿ ಬರುವುದು ಇಂಗಾಲದ ಡೈಆಕ್ಸೈಡು ಏರಿದ್ದಕ್ಕೆ. ಮೊದಲು ಮೂವತ್ತು ಜೋರುಸಿರಿನಿಂದ ಅದನ್ನು ತೊಳೆದುಹಾಕಿ ಆಮೇಲೆ ಉಸಿರು ಕಟ್ಟಿದರೆ ಆ ಕೂಗು ತಡವಾಗಿ ಬರುತ್ತದೆ. ನಿಮ್ಮ ಸಾಮರ್ಥ್ಯ ಹೆಚ್ಚಾಗಿಲ್ಲ, ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ್ದೀರಿ. ನಾಯಿ ಬೊಗಳಲಿಲ್ಲ, ಆದ್ದರಿಂದ ಕಳ್ಳ ಬಂದಿಲ್ಲ ಎನ್ನುವ ವಾದ ಇದು. ಇದರ ಬೆಲೆ ಮುಳುಗುಗಾರರಿಗೆ ಚೆನ್ನಾಗಿ ಗೊತ್ತು. ನೀರಿಗಿಳಿಯುವ ಮೊದಲು ಜೋರಾಗಿ ಉಸಿರಾಡಿ, ಯಾವ ಮುನ್ಸೂಚನೆಯೂ ಇಲ್ಲದೆ ನೀರೊಳಗೆ ಪ್ರಜ್ಞೆ ತಪ್ಪಿ ಸತ್ತ ಈಜುಗಾರರ ಬಗ್ಗೆ ವೈದ್ಯರು 1960ರ ದಶಕದಿಂದಲೇ ಬರೆಯುತ್ತಾ ಬಂದಿದ್ದಾರೆ. ಈಗಿನ ಹೊಸ ಪ್ಯಾಕೇಜು ಯಾವುದು ನೋಡಿ: ಸೌನಾದಲ್ಲಿ ಬ್ರೆತ್‌ವರ್ಕ್, ಅಲ್ಲಿಂದ ನೇರ ಐಸ್ ತುಂಬಿದ ತೊಟ್ಟಿಗೆ. ಈ ಜೋರುಸಿರಿನ ಪದ್ಧತಿಯನ್ನು ಲೋಕಕ್ಕೆಲ್ಲ ಹಬ್ಬಿಸಿದ ಡಚ್ಚರ ವಿಮ್ ಹಾಫ್‌ ಕಡೆಯವರೇ ನೀರಿನಲ್ಲಾಗಲಿ ನೀರಿನ ಹತ್ತಿರವಾಗಲಿ ಇದನ್ನು ಮಾಡಬೇಡಿ, ಗಾಡಿ ಓಡಿಸುವಾಗ ಮಾಡಬೇಡಿ ಎಂದು ಎಚ್ಚರಿಸುತ್ತಾರೆ. ಗುರುವಿನ ಎಚ್ಚರಿಕೆ ಬಿಟ್ಟು ಗುರುವಿನ ಗಡ್ಡವನ್ನಷ್ಟೇ ಆಮದು ಮಾಡಿಕೊಂಡಿದ್ದೇವೆ.

ವಿಮ್ ಹಾಫ್‌ ಪದ್ಧತಿಗೆ ವಿಜ್ಞಾನದ ಆಧಾರವಿದೆ ಎಂದು 2014ರ ನೆದರ್ಲೆಂಡ್ಸ್ ಪ್ರಯೋಗವನ್ನು ಮುಂದೆ ಹಿಡಿಯುತ್ತಾರೆ. ಇಪ್ಪತ್ನಾಲ್ಕು ಆರೋಗ್ಯವಂತ ಯುವಕರ ಮೇಲೆ ನಡೆದ ಪ್ರಯೋಗ ಅದು. ನಡೆದದ್ದು ವೈದ್ಯರ ಕಣ್ಗಾವಲಿನಲ್ಲಿ, ಹಾಸಿಗೆಯ ಮೇಲೆ. ಸೌನಾದ ಹಲಗೆಯ ಮೇಲಲ್ಲ. ಅಲ್ಲಿ ಕಂಡ ಮುಖ್ಯ ಸಂಗತಿಗಳಲ್ಲಿ ಒಂದು, ಉಸಿರಾಟದಿಂದ ರಕ್ತದಲ್ಲಿ ಅಡ್ರಿನಲಿನ್ ಏರಿದ್ದು. ಸ್ವಲ್ಪ ಯೋಚಿಸಿ. ಬಿಸಿಗೆ ಆಗಲೇ ಓಡುತ್ತಿರುವ ಹೃದಯ, ಅದರ ಮೇಲೆ ಅಡ್ರಿನಲಿನ್. ಓಡುವ ಕುದುರೆಗೆ ಛಡಿಯೇಟು. ಕುದುರೆಯ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೇ?

ಐದನೆಯದು ಫಿನ್ಲೆಂಡಿನ ಹೆಸರಿಗೆ ಮಾಡುತ್ತಿರುವ ಅವಮಾನ. ಸೌನಾ ಆ ನಾಡಿನದು. ಸುಮಾರು 56 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ ಎನ್ನುತ್ತಾರೆ. 2020ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಹೆರಿಗೆಗಳು ಅಲ್ಲೇ ಆಗುತ್ತಿದ್ದವು, ಸತ್ತವರ ಮೈ ತೊಳೆಯುತ್ತಿದ್ದದ್ದೂ ಅಲ್ಲೇ. ಕಾದ ಕಲ್ಲಿನ ಮೇಲೆ ನೀರು ಎರಚಿದಾಗ ಏಳುವ ಹಬೆಗೆ ಅವರ ಹೆಸರು ‘ಲೊಯ್ಲು’. ಆ ಪದದ ಹಳೆಯ ಅರ್ಥ ಜೀವ, ಪ್ರಾಣ. ಹಬೆಯನ್ನೇ ಪ್ರಾಣವೆಂದ ಜನರು ಪ್ರಾಣದ ಮೇಲೆ ಸ್ಟಾಪ್‌ವಾಚ್ ಇಟ್ಟಿದ್ದಾರೆಯೇ? ಇಲ್ಲ. ಕೂರುತ್ತಾರೆ, ಬೆವರುತ್ತಾರೆ, ಎರಡು ಮಾತಾಡುತ್ತಾರೆ ಅಥವಾ ಸುಮ್ಮನಿರುತ್ತಾರೆ. ಹಬೆ ಮೂಗಿಗೆ ಚುರುಗುಟ್ಟಿದರೆ ತಲೆ ತಗ್ಗಿಸುತ್ತಾರೆ, ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಇಳಿಯುತ್ತಾರೆ. ಸಾಕೆನಿಸಿದರೆ ಹೊರಗೆ ಬರುತ್ತಾರೆ. ಇಷ್ಟೇ ಅವರ ‘ತಂತ್ರ’.

ಸೌನಾ ಹೃದಯಕ್ಕೆ ಒಳ್ಳೆಯದೆಂದು ಎಲ್ಲ ಜಾಹೀರಾತುಗಳೂ ಮುಂದಿಡುವ ಅಧ್ಯಯನವೂ ಆ ದೇಶದ್ದೇ. ಪೂರ್ವ ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ ಯಾರಿ ಲೌಕ್ಕನೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ. ವಾರದಲ್ಲಿ ನಾಲ್ಕರಿಂದ ಏಳು ಬಾರಿ ಸೌನಾಕ್ಕೆ ಹೋಗುವವರಲ್ಲಿ ಹೃದಯದ ತೊಂದರೆಯಿಂದಾಗುವ ಹಠಾತ್ ಸಾವು ಕಡಿಮೆ ಕಂಡಿತು. ಅವರು ದಾಖಲಿಸಿಕೊಂಡದ್ದು ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು. ಯಾರೂ ಉಸಿರು ಎಣಿಸಿರಲಿಲ್ಲ. ಸುಮ್ಮನೆ ಕೂತವರ ಲಾಭದ ಅಂಕಿಯನ್ನು ಕದ್ದು ಉಸಿರು ಕಟ್ಟಿಸುವವರ ಬೋರ್ಡಿಗೆ ಅಂಟಿಸುವುದನ್ನು ಏನೆಂದು ಕರೆಯೋಣ? ಪಕ್ಕದ ಮನೆಯ ಹಸುವಿನ ಹಾಲಿಗೆ ನಮ್ಮ ಕೋಣದ ಫೋಟೋ ಹಾಕಿದಂತಾಯಿತು.

ಸೌನಾದಲ್ಲಿ ಛಲ ತೋರಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೂ ಫಿನ್ಲೆಂಡೇ ಸಾಕ್ಷಿ. ಅಲ್ಲಿನ ಹೆಯ್ನೊಲ ಊರಿನಲ್ಲಿ 1999ರಿಂದ ವಿಶ್ವ ಸೌನಾ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. 110 ಡಿಗ್ರಿ ತಾಪ, ಅರ್ಧ ನಿಮಿಷಕ್ಕೊಮ್ಮೆ ಕಲ್ಲಿನ ಮೇಲೆ ಅರ್ಧ ಲೀಟರ್ ನೀರು, ಕೊನೆಯವರೆಗೆ ಕೂತವನು ಗೆದ್ದ. 2010ರ ಆಗಸ್ಟ್ 7ರ ಫೈನಲ್‌ನಲ್ಲಿ ರಷ್ಯಾದ ಸ್ಪರ್ಧಿ ಸತ್ತ. ಅನೇಕ ಬಾರಿ ಗೆದ್ದಿದ್ದ ಫಿನ್ಲೆಂಡಿನ ಸ್ಪರ್ಧಿಯನ್ನು ಸುಟ್ಟಗಾಯಗಳೊಂದಿಗೆ ಆಸ್ಪತ್ರೆಗೆ ಹೊತ್ತರು. ಸ್ಪರ್ಧೆ ಅಲ್ಲಿಗೆ ನಿಂತುಹೋಯಿತು. ಅದಕ್ಕೂ ಹಿಂದಿನ ವರ್ಷ ಅಮೆರಿಕದ ಅರಿಜೋನಾದಲ್ಲಿ ಜೇಮ್ಸ್ ಆರ್ಥರ್ ರೇ ಎಂಬ ಸ್ವಘೋಷಿತ ಗುರು ಸಾವಿರಾರು ಡಾಲರ್ ಪಡೆದು ಜನರನ್ನು ಹಬೆಯ ಗುಡಾರದಲ್ಲಿ ಕೂರಿಸಿದ, ತಡೆದುಕೊಳ್ಳಿ ಎಂದು ಹುರಿದುಂಬಿಸಿದ. ಮೂವರು ಸತ್ತರು. 2011ರಲ್ಲಿ ಆತ ಜೈಲಿಗೆ ಹೋದ. ಎರಡೂ ಕಡೆ ಕೊಂದದ್ದು ಬರಿಯ ಬಿಸಿಯಲ್ಲ. ‘ಇನ್ನು ಸ್ವಲ್ಪ ತಡೆದುಕೋ’ ಎಂಬ ಮಾತು. ನಮ್ಮ ಹುಡುಗನ ‘ಇನ್ನೊಂದು ಹತ್ತು ಸೆಕೆಂಡ್’ ಆ ಮಾತಿನ ತಮ್ಮನೇ.

ಆರನೆಯದು, ನನ್ನನ್ನು ಎಲ್ಲಕ್ಕಿಂತ ಕೆರಳಿಸುವುದು, ಇದಕ್ಕೆ ಪ್ರಾಣಾಯಾಮದ ಹೆಸರಿಟ್ಟಿರುವುದು. ‘ನಮ್ಮ ಋಷಿಮುನಿಗಳು ಆಗಲೇ ಹೇಳಿದ್ದಾರೆ’ ಎನ್ನುತ್ತಾರೆ. ಹೌದು, ಹೇಳಿದ್ದಾರೆ. ಓದಿದ್ದೀರಾ? ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ಅಭ್ಯಾಸದ ಆರಂಭದಲ್ಲಿ ದೂರವಿಡಬೇಕಾದವುಗಳ ಪಟ್ಟಿಯಿದೆ. ಅದರಲ್ಲಿ ಬೆಂಕಿಯೂ ಸೇರಿದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಷ್ಟು ನಿಧಾನವಾಗಿ ಉಸಿರನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಘೇರಂಡ ಸಂಹಿತೆ ಇನ್ನೂ ಕಟ್ಟುನಿಟ್ಟು: ಗ್ರೀಷ್ಮದಲ್ಲಿ ಯೋಗಾಭ್ಯಾಸ ಶುರುಮಾಡಲೇಬೇಡ, ವಸಂತ ಅಥವಾ ಶರದೃತುವಿಗೆ ಕಾಯಿ ಎನ್ನುತ್ತದೆ. ಬೇಸಗೆಯಲ್ಲೇ ಬೇಡ ಎಂದವರು 90 ಡಿಗ್ರಿಯ ಪೆಟ್ಟಿಗೆಯಲ್ಲಿ ಶನಿವಾರದ ಬ್ಯಾಚಿಗೆ ಒಪ್ಪುತ್ತಿದ್ದರೇ? ಪ್ರದೀಪಿಕೆ ಬೆವರನ್ನು ಸಾಧನೆಯ ಮೊದಲ ಹಂತದ ಗುರುತೆಂದು ಎಣಿಸುತ್ತದೆ, ನಿಜ. ಅದು ಉಸಿರು ಹೊರಡಿಸಿದ ಬೆವರು. ಕಿಲೋವ್ಯಾಟ್ ಲೆಕ್ಕದಲ್ಲಿ ಬೆಸ್ಕಾಂ ಹೊರಡಿಸಿದ ಬೆವರಲ್ಲ.

ಆಯುರ್ವೇದದ ಸ್ವೇದನವನ್ನೂ ಇದರೊಳಕ್ಕೆ ಎಳೆದುತರುತ್ತಾರೆ. ಪಂಚಕರ್ಮದ ಮನೆಯಲ್ಲಿ ಹಬೆಪೆಟ್ಟಿಗೆ ನೋಡಿದವರಿಗೆ ಗೊತ್ತು: ರೋಗಿಯ ಮೈ ಪೆಟ್ಟಿಗೆಯೊಳಗೆ, ತಲೆ ಮಾತ್ರ ಹೊರಗೆ. ಬೆವರುವುದು ಮೈ, ಉಸಿರಾಡುವುದು ತಂಪು ಗಾಳಿಯನ್ನು. ಚರಕ ಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯ ಹದಿಮೂರು ಬಗೆಯ ಅಗ್ನಿಸ್ವೇದ ವಿವರಿಸುತ್ತದೆ. ಜೊತೆಗೆ ಕಣ್ಣಿನ ಮೇಲೆ ತಾವರೆ ಎಸಳು ಇಡು, ಎದೆಯನ್ನು ತಂಪಾಗಿಡು ಎಂದು ಕಾಳಜಿ ಮಾಡುತ್ತದೆ, ಯಾರಿಗೆಲ್ಲ ಬೆವರಿಸಬಾರದೆಂದು ಉದ್ದನೆಯ ಪಟ್ಟಿ ಕೊಡುತ್ತದೆ. ಎದೆಗೆ ಮುತ್ತಿನ ಹಾರದ ತಂಪು ಕೊಡು ಎಂದ ಚರಕರೆಲ್ಲಿ, ಎದೆ ಬಡಿದುಕೊಳ್ಳುತ್ತಿರುವಾಗ ಉಸಿರು ಕಟ್ಟಿಸುವ ನಾವೆಲ್ಲಿ! ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಲೋಕಕ್ಕೆ ಯೋಗ ಕಲಿಸಿದರು. ಆಸನ ಗಟ್ಟಿಯಾಗದೆ ಪ್ರಾಣಾಯಾಮಕ್ಕೆ ಕೈಹಾಕಬೇಡಿ ಎಂಬುದು ಅವರ ಪಾಠ. ನಮ್ಮ ಟ್ರೈನರುಗಳಿಗೆ ವಾರಾಂತ್ಯದ ಸರ್ಟಿಫಿಕೇಟ್ ಸಾಕಾಗಿದೆ.

ಪುಸ್ತಕವೇ ಬೇಡ, ನಮ್ಮ ಬಚ್ಚಲುಮನೆಯನ್ನೇ ನೆನೆಯಿರಿ. ನೀರು ತುಂಬುವ ಹಬ್ಬದ ಮಾರನೆಯ ಬೆಳಗಿನ ಜಾವ ಹಂಡೆಯ ನೀರು ಕೊತಕೊತ ಕುದಿಯುತ್ತಿರುತ್ತಿತ್ತು, ಹೊಗೆ ಹಬೆ ಒಂದಾಗಿ ಗೋಡೆ ಕಾಣುತ್ತಿರಲಿಲ್ಲ. ಅಜ್ಜಿ ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ತಿಕ್ಕಿ, ತಂಬಿಗೆಯ ಮೇಲೆ ತಂಬಿಗೆ ನೀರು ಹೊಯ್ಯುತ್ತಿದ್ದಳು. ಉಸಿರು ಕಟ್ಟಿದಂತಾಗಿ ನಾನು ಚೀರಿದರೆ ತಂಬಿಗೆ ನಿಲ್ಲುತ್ತಿತ್ತು. "ಸುಧಾರಿಸ್ಕೋ ಮಗಾ, ಆಮೇಲೆ ಹೊಯ್ತೀನಿ" ಅನ್ನುತ್ತಿದ್ದಳು. ಓದುಬರಹ ಬಾರದ ಅವಳಿಗೆ ತಿಳಿದಿದ್ದ ಶರೀರಶಾಸ್ತ್ರ ನಮ್ಮ ವೆಲ್‌ನೆಸ್ ಸೆಂಟರುಗಳಿಗೆ ತಿಳಿಯದೇ ಹೋಯಿತು.

ಇನ್ನು ‘ಡಿಟಾಕ್ಸ್’, ಅಂದರೆ ಮೈಯ ವಿಷ ಹೊರಹಾಕುವ ಮಾತು. ಬೆವರೆಂದರೆ ಬಹುಪಾಲು ನೀರು, ಮೇಲಿಷ್ಟು ಉಪ್ಪು. ದೇಹದ ಕಸ ತೆಗೆಯುವ ಪೌರಕಾರ್ಮಿಕರು ಯಕೃತ್ತು ಮತ್ತು ಮೂತ್ರಪಿಂಡ. ಅವು ಸಂಬಳ, ರಜೆ ಕೇಳದೆ ದುಡಿಯುತ್ತವೆ. ಜೋರಾಗಿ ಉಸಿರುಬಿಟ್ಟು ಹೊರಹಾಕಿದ ‘ವಿಷ’ ಯಾವುದು, ಅದರ ಹೆಸರೇನು ಎಂದು ಒಮ್ಮೆ ಕೇಳಿನೋಡಿ. ಉತ್ತರದ ಬದಲು ನಿಮಗೆ ವಾರ್ಷಿಕ ಸದಸ್ಯತ್ವದ ರಿಯಾಯಿತಿ ಸಿಗುತ್ತದೆ.

‘ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ, ಏನೂ ಆಗಿಲ್ಲ’ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಹೆಲ್ಮೆಟ್ ಇಲ್ಲದೆ ಎರಡು ವರ್ಷ ಗಾಡಿ ಓಡಿಸಿದವರೂ ಇದನ್ನೇ ಹೇಳುತ್ತಾರೆ. ‘ನಿಧಾನದ ಉಸಿರಾದರೆ ತಪ್ಪೇನು?’ ಎಂದು ಇನ್ನು ಕೆಲವರು ರಾಜಿಗೆ ಬರುತ್ತಾರೆ. ಮೂಗಿನಿಂದ ಶಾಂತವಾಗಿ ಉಸಿರಾಡುವುದನ್ನು ನಿಮ್ಮ ಮೂಗು ಹುಟ್ಟಿದಾಗಿನಿಂದ ಮಾಡುತ್ತಿದೆ. ಅದಕ್ಕೆ ಫೀಸು ಯಾಕೆ? ಎಣಿಸುತ್ತ ಕೂರುವ ಆಸೆಯಿದ್ದರೆ ಮನೆಯ ಜಗುಲಿಯ ಮೇಲೆ, ತಂಪು ಹೊತ್ತಿನಲ್ಲಿ ಎಣಿಸಿ. ಕಾದ ಕೋಣೆಯಲ್ಲಿ ಎಣಿಕೆ ಶುರುವಾದ ಕೂಡಲೇ ಗಮನ ಮೈಯಿಂದ ಅಂಕಿಗೆ ಹಾರುತ್ತದೆ. ತಲೆ ಹಗುರಾದದ್ದು, ಬೆವರು ನಿಂತದ್ದು, ಎದೆ ಹೊಡೆದುಕೊಂಡದ್ದು ಯಾವುದೂ ಕೇಳಿಸುವುದಿಲ್ಲ. ಕೇಳಿಸಿದರೂ ‘ಹತ್ತು ಸೆಕೆಂಡ್ ಬಾಕಿಯಿದೆ’ ಎಂದು ಮೈಗೆ ಬಾಯಿ ಮುಚ್ಚಿಸುತ್ತೇವೆ.

ಆದ್ದರಿಂದ ಇದು ನಿಲ್ಲಬೇಕು. ಜಿಮ್ಮು, ಕ್ಲಬ್ಬು, ಅಪಾರ್ಟ್‌ಮೆಂಟು, ರೆಸಾರ್ಟಿನವರೇ, ಶನಿವಾರದ ಆ ಬೋರ್ಡನ್ನು ಇವತ್ತೇ ಕಿತ್ತುಹಾಕಿ. ಅದರ ಜಾಗದಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ: ಉಸಿರಿನ ಕಸರತ್ತು ಇಲ್ಲಿ ಬೇಡ, ಕುಡಿದು ಬರಬೇಡಿ, ಒಬ್ಬರೇ ಕೂರಬೇಡಿ, ಹತ್ತು ಹದಿನೈದು ನಿಮಿಷ ಸಾಕು, ಎದ್ದು ನಿಲ್ಲುವ ಮೊದಲು ಎರಡು ನಿಮಿಷ ಕೆಳಗಿನ ಹಲಗೆಯಲ್ಲಿ ಕೂರಿ. ಒಳಗೆ ಬಿಡುವ ಮೊದಲು ಬಿಪಿ, ಹೃದಯ, ಬಸಿರು, ಮಾತ್ರೆಗಳ ಬಗ್ಗೆ ಒಂದು ಮಾತು ಕೇಳಿ. ಹೊರಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕೈಗೆ ಮೈಕ್ ಕೊಡಬೇಡಿ, ನೀರಿನ ಬಾಟಲಿ ಕೊಡಿ. ಯೋಗ ಗುರುಗಳೇ, ನಿಮ್ಮ ವಿದ್ಯೆಯ ಹೆಸರಿನಲ್ಲಿ ನಡೆಯುತ್ತಿರುವ ಈ ವ್ಯಾಪಾರದ ಬಗ್ಗೆ ಬಾಯಿ ಬಿಡಿ. ನಿಮ್ಮ ಮೌನವನ್ನು ಅವರು ಸಮ್ಮತಿ ಎಂದು ಅಚ್ಚು ಹಾಕಿಸುತ್ತಿದ್ದಾರೆ.

ಓದುಗರೇ, ಸೌನಾಕ್ಕೆ ಹೋಗಿ, ಬೆವರಿ, ಸುಖಪಡಿ. ಯಾರಾದರೂ ಎಣಿಸಲು ಶುರುಮಾಡಿದರೆ ಮಾತ್ರ ಕೂರಬೇಡಿ. ಸೌನಾ ಕಟ್ಟುವವರು ಅದರ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡುತ್ತಾರೆ, ಚಿಲಕ ಇಡುವುದಿಲ್ಲ. ಒಳಗಿದ್ದವನಿಗೆ ಕೈಯಲ್ಲಿ ಶಕ್ತಿ ಉಳಿಯದಿದ್ದರೂ ಮೈಭಾರಕ್ಕೇ ತೆರೆದುಕೊಳ್ಳಲಿ ಎಂದು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುವ ಹುಡುಗನಿಗೆ ಪಕ್ಕಕ್ಕೆ ಸರಿ ಎನ್ನಿ, ತಳ್ಳಿಕೊಂಡು ಹೊರಗೆ ಬನ್ನಿ.